ಚನ್ನಗಿರಿಯ ಮೂರನೆಯ ಹೆಡೆ

ಚನ್ನಗಿರಿಯಲ್ಲಿ ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನನ್ನ ಗ್ರಹಚಾರ ಶುರುವಾಯಿತು. ಸುತ್ತಮುತ್ತ ಸಿಕ್ಕ ಹಳೆಯ ಶಿಲ್ಪಗಳನ್ನೆಲ್ಲ ಕೋಟೆಯ ಕೆಳಗೆ ಒಂದು ಕೋಣೆಯಲ್ಲಿ ಕೂಡಿಹಾಕಿ, ಅದನ್ನೇ ಮ್ಯೂಸಿಯಂ ಎನ್ನುತ್ತಿದ್ದರು. ಬೀಗ ತೆಗೆದ ಕಾವಲಿನ ಮುದುಕ ರುದ್ರಪ್ಪ, "ನೋಡ್ಕೊಂಡು ಹೋಗ್ರಿ ಸಾರ್, ಒಳಗೆ ಹುಳ ಐತೆ" ಎಂದ.

ಬಿ.ಎ. ಓದಿದ ನಾನು ಬಾಗಿಲಿಗೆ ಗೆದ್ದಲು ಹಿಡಿದಿರಬೇಕೆಂದು ತಿಳಿದು, "ಸೀಮೆಎಣ್ಣೆ ಹಚ್ಚಪ್ಪ" ಎಂದು ಸಲಹೆ ಕೊಟ್ಟು ಒಳಗೆ ಹೋದೆ.

ಮೂಲೆಯ ನಾಗರಕಲ್ಲಿನಲ್ಲಿ ಮೂರು ಹೆಡೆಗಳಿದ್ದವು. ಮೂರನೆಯದರ ನುಣುಪು ಕಂಡು ಆ ಶಿಲ್ಪಿಗೆ ಮನಸ್ಸಿನಲ್ಲೇ ಕೈಮುಗಿದು, ಧೂಳು ಒರೆಸಲು ಕೈ ಚಾಚಿದೆ. ನಾಲ್ಕು ಬೆರಳು ದೂರವಿದ್ದಾಗ ಅದು ಬುಸ್ ಎಂದಿತು. ಶಿಲ್ಪಿ ಕೆತ್ತಿದ್ದು ಎರಡೇ ಹೆಡೆ.

ಹೊರಗೆ ಹೇಗೆ ಬಂದೆನೋ ಗೊತ್ತಿಲ್ಲ. ಎಡಗಾಲಿನ ಚಪ್ಪಲಿ ಈಗಲೂ ಮ್ಯೂಸಿಯಮ್ಮಿನಲ್ಲೇ ಇದೆ.

"ಹುಳ ಐತೆ ಅಂತ ಹೇಳ್ಲಿಲ್ವೇನ್ರೀ?" ಎಂದ ರುದ್ರಪ್ಪ.

"ಹಾವು ಅನ್ನೋದಕ್ಕೆ ಏನಾಗಿತ್ತಪ್ಪ ನಿನಗೆ?"

"ಹೆಸರು ಹಿಡಿದು ಕರೆದ್ರೆ ಎದುರಿಗೇ ಬರ್ತೈತಲ್ರೀ!"

"ಕರೆಯದೆಯೇ ಬಂತಲ್ಲಪ್ಪ!" ಎಂದು ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೊರಟೆ.

ಆಮೇಲೆ ಮೂರು ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಆ ನಾಲ್ಕು ಬೆರಳಿನ ಅಂತರ ಎರಡಾಗುತ್ತಿತ್ತು, ಒಂದಾಗುತ್ತಿತ್ತು. ಗುರುವಾರ ಹೊನ್ನಾಳಿಯ ಗೆಳೆಯನ ಮನೆಯಲ್ಲಿ ಉಳಿದಾಗ, ಮಂಚದ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿಸಿದೆ.

"ಇರುವೆ ತಡೆಯಾಕೆ ಇಡೋದು ರೀ ಇದು" ಎಂದು ಅವನ ಹೆಂಡತಿ ನಕ್ಕರು.

"ಇರಲಿ ಇಡಿ ಅಕ್ಕಾ. ಅದು ಹಾವಿಗೇನು ಗೊತ್ತು?" ಎಂದೆ.

ಶುಕ್ರವಾರ ಅವರು ಕಾಫಿ ತಂದು ಎಬ್ಬಿಸಿದಾಗ ಗಂಟೆ ಎಂಟಾಗಿತ್ತು.