ಪಾರ್ಕಿಂಗಿನಲ್ಲಿ ಕೂತ ಹಂದಿಯ ಬಾಲ

ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿನ ಕಾರ್ ಪಾರ್ಕಿಂಗಿಗೆ ಹಂದಿ ಬಂದದ್ದು ಮಳೆ ನಿಂತ ಮರುದಿನ. ಅಥವಾ ಎರಡು ಮಳೆಗಳ ನಡುವೆ. ನನ್ನ ನೆನಪಿನಲ್ಲಿ ಬಿಸಿಲಿದೆ, ನಂಬುವಂತಿಲ್ಲ. ಕಪ್ಪು ಹಂದಿ, ಮೈತುಂಬ ಕೂದಲು. ಅಸೋಸಿಯೇಷನ್ ಸೆಕ್ರೆಟರಿಯ ಕಾರಿನ ಚಕ್ರಕ್ಕೆ ಒರಗಿ ಕೂತಿತ್ತು.

ಯಾರಿಗೆ ಫೋನ್ ಮಾಡುವುದೆಂಬುದೇ ದೊಡ್ಡ ಚರ್ಚೆಯಾಯಿತು. ಕಾಡುಹಂದಿಯಾದರೆ ಅರಣ್ಯ ಇಲಾಖೆ, ಊರಹಂದಿಯಾದರೆ ಕಾರ್ಪೊರೇಷನ್. ತಪ್ಪು ಕಡೆ ಮಾಡಿದರೆ ಇಬ್ಬರೂ ಬರುವುದಿಲ್ಲವೆಂದು ಸೆಕ್ರೆಟರಿಗೆ ಖಾತ್ರಿಯಿತ್ತು. ಅಪ್ಪನನ್ನು ಕರೆಸಿದರು.

ಅಪ್ಪನ ಅರ್ಹತೆ ಅವರ ತೊಡೆಯ ಮೇಲಿತ್ತು: ಚಾಮರಾಜನಗರದ ಕಡೆಯ ಕಾಡಂಚಿನಲ್ಲಿ ಕಾಡುಹಂದಿ ತಿವಿದ ಗಾಯದ ಗುರುತು. ನಮ್ಮ ಜೊತೆ ಇರಲು ಚೆನ್ನೈಗೆ ಬಂದ ಮೇಲೆ, ತಮಿಳು ಬಾರದಿದ್ದರೂ, ಸಂಜೆ ಬೆಂಚಿನಲ್ಲಿ ಪಂಚೆ ಸರಿಸಿ ಅದನ್ನು ತೋರಿಸಿಯೇ ಬಿಲ್ಡಿಂಗಿಗೆ ದೊಡ್ಡ ಮನುಷ್ಯರಾಗಿದ್ದರು. ಲಿಫ್ಟಿನಲ್ಲಿ ಎಲ್ಲರೂ ಅವರಿಗೆ ಜಾಗ ಬಿಡುತ್ತಿದ್ದರು. ಆ ಹಂದಿ ನನಗೂ ಚೆನ್ನಾಗಿ ನೆನಪಿದೆ. ಕೋರೆಹಲ್ಲು, ಸೆಟೆದು ನಿಂತ ಬೆನ್ನುಗೂದಲು, ಕೋಲಿನಂಥ ಬಾಲ. ಆಗ ನಾನು ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಅಪ್ಪ ಕಂಬದ ಹಿಂದೆ ನಿಂತು ವಿವರಿಸಿದರು, ನಾನು ತಮಿಳಿಗೆ ತಿರುಗಿಸಿದೆ. ಕಾಡಿನದಕ್ಕೆ ಭುಜ ಎತ್ತರ, ಹಿಂಭಾಗ ಸಣ್ಣ, ಮೂತಿ ಉದ್ದ. ಮರಿಗಳ ಮೈಮೇಲೆ ಪಟ್ಟೆ. ಊರಿನದು ಗುಂಡಗೆ, ಹೊಟ್ಟೆ ಜೋತಿರುತ್ತದೆ, ಮನುಷ್ಯರನ್ನು ಕಂಡರೆ ಅದಕ್ಕೆ ಊಟ ನೆನಪಾಗುತ್ತದೆ. ಬಣ್ಣ ನೋಡಿ ಮೋಸಹೋಗಬಾರದು, ನಮ್ಮ ಕಡೆ ಎರಡೂ ಕಪ್ಪೇ. ಕೊನೆಗೆ ಬಾಲ: ಕಾಡಿನದು ನೆಟ್ಟಗೆ, ಊರಿನದು ಸುರುಳಿ.

ಹಂದಿ ಬಾಲದ ಮೇಲೆಯೇ ಕೂತಿತ್ತು. ಎಲ್ಲರೂ ಕಾದರು. ಅದು ಏಳಲಿಲ್ಲ. ಸುಮ್ಮನಿದ್ದರೆ ಮರ್ಯಾದೆ ಹೋಗುತ್ತದೆಂದು ಅಪ್ಪ ಕಾಡುಹಂದಿಯೇ ಎಂದುಬಿಟ್ಟರು. ಸೆಕ್ರೆಟರಿ ಫೋನ್ ತೆಗೆದರು.

ಅಷ್ಟರಲ್ಲಿ ಅಮ್ಮ ಕುಂಬಳಕಾಯಿ ಸಿಪ್ಪೆಯ ಬಕೆಟ್ ಹಿಡಿದು ಕಸ ಹಾಕಲು ಇಳಿದು ಬಂದರು. ಬಕೆಟಿನ ಹಿಡಿ ಕಿರ್ರೆಂದಿತು. ಹಂದಿ ಎದ್ದು ಸೀದಾ ಅಮ್ಮನ ಹತ್ತಿರ ಹೋಯಿತು. ಹಿಂದೆ ಬಾಲ, ಚಕ್ಕುಲಿಯ ಹಾಗೆ.

ಅಮ್ಮ ಅದನ್ನೇ ನೋಡುತ್ತಾ ಹೇಳಿದರು: "ಅವತ್ತು ನಿಮ್ಗೆ ತಿವಿದ ಹಂದೀಗೂ ಬಾಲ ಹಿಂಗೇ ಸುತ್ಕಂಡಿತ್ತು. ಊರ್ನಲ್ಲಿ ನಮ್ಮ ಎದುರು ಮನೇದು."

"ಓಡ್ವಾಗ ನೆಟ್ಟಗಾಯ್ತು ಕನೇ," ಅಂದರು ಅಪ್ಪ.

"ಓಡಿದ್ದು ನೀವು."

ಅಮ್ಮ ಏನು ಹೇಳಿದರೆಂದು ಸೆಕ್ರೆಟರಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಅಲ್ಲಿಯವರೆಗೆ ಒಂದು ತಮಿಳು ಪದವನ್ನೂ ಆಡದ ಅಪ್ಪ ಆಡಿದರು.

"ಊರ್ ಪನ್ನಿ ಸಾರ್. ಕಾರ್ಪೊರೇಷನ್."

ಬಾಲ ನೋಡಿದ ಕ್ಷಣವೇ ತೀರ್ಮಾನ ಬದಲಿಸಿದರಲ್ಲ, ಅನುಭವ ಅಂದರೆ ಇದು ಎಂದು ಸೆಕ್ರೆಟರಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಲಿಫ್ಟಿನ ಜಾಗ ಉಳಿಯಿತು. ಅಮ್ಮ ಇದ್ದಾಗ ಮಾತ್ರ ಪಂಚೆ ಸರಿಯುವುದಿಲ್ಲ.

ನಾನು ಹುಟ್ಟುವ ಮೊದಲಿನ ಆ ಹಂದಿಯ ಬಾಲವನ್ನು ಆಗಾಗ ನೆನಪಿನಲ್ಲೇ ಸುರುಳಿ ಸುತ್ತಲು ನೋಡುತ್ತೇನೆ. ಕೈ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ.