ಸೀಟಿ ಊದಿದಾಗ

ಪರದೇಶದ ಭೂಕಂಪಕ್ಕೆ ಹೋದ ನಮ್ಮ ದೇಶದ ರಕ್ಷಣಾ ತಂಡದಲ್ಲಿ ಎದುರುಮನೆಯ ಯಜಮಾನರೂ ಇದ್ದರು. ವಾಪಸು ಬಂದ ಮೇಲೆ, ಹುಲ್ಲಹಳ್ಳಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಊದಿದರೆ ಸಾಕು, ಮಾತು ನಿಲ್ಲಿಸಿ ಅಂಗೈ ಎತ್ತುತ್ತಿದ್ದರು. "ವಸಿ ಸುಮ್ನಿರಿ ಸಾ."

ಒಮ್ಮೆ ಯಾಕೆಂದು ಕೇಳಿಯೇಬಿಟ್ಟೆ.

"ಅಲ್ಲಿ ನಾನಾ ದೇಶದ ತಂಡ, ಒಬ್ಬರ ಮಾತು ಒಬ್ಬರ್ಗೆ ತಿಳಿಯಾಕಿಲ್ಲ. ಉದ್ದುಕ್ಕೆ ಒಂದ್ ಸೀಟಿ ಊದುದ್ರೆ ಎಲ್ರೂ ಮಿಷನ್ ನಿಲ್ಲುಸಿ, ಬಿದ್ದಿರೋ ಗೋಡೆ ಅಡಿಯಿಂದ ಯಾರಾದ್ರೂ ಕೂಗ್ತಾರ ಅಂತ ಕೇಳ್ಬೇಕು. ಒಂದ್ಸಲ ಏನೋ ಕೇಳುಸ್ದಂಗಾಯ್ತು. ಅಷ್ಟ್ರಲ್ಲಿ ಕೆಲ್ಸ ಶುರು ಮಾಡಿ ಅಂತ ಇನ್ನೊಂದು ಸೀಟಿ ಆಯ್ತು."

"ನೀವು ಹೇಳ್ಲಿಲ್ವಾ?"

"ಕೂಗೋ, ನನ್ನ ಉಸುರೋ ಗೊತ್ತಾಗ್ನಿಲ್ಲ ಸಾ."

ನಂಜನಗೂಡಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅವರ ಕೈ ಮೇಲೆದ್ದಿತು. ನಾನೂ ಉಸಿರು ಬಿಗಿಹಿಡಿದೆ. ನಾವು ಹತ್ತಬೇಕಾದ ಬಸ್ಸು ಹೊರಟೇಹೋಯಿತು.

"ಕೇಳುಸ್ತಾ?" ಎಂದರು.

ಇಲ್ಲ ಅನ್ನುವ ಬದಲು ನಾನೂ ಅಂಗೈ ಎತ್ತಿದೆ.