ಗುರುತು ಸಿಗದವರಿಗೆ ಒಂದು ವಾಕ್ಯ

ಬಾಗಿಲು ತಟ್ಟಿದ ಸದ್ದಿಗಿಂತ, ತಟ್ಟಬೇಕಾದವರು ತಟ್ಟದಿರುವ ನಿಶ್ಶಬ್ದಕ್ಕೆ ನಾನು ಹೆಚ್ಚು ಹೆದರುತ್ತೇನೆ. ಈ ಭಯ ಅಂಟಿದ್ದು ಮಡಗಾಂವಿನ ನಮ್ಮ ಕನ್ನಡ ಸಂಘದ ಮೇಲ್ ಸರ್ವರ್‌ನಿಂದ. ಇಸವಿಯನ್ನು ತಾಳೆ ನೋಡದೆ ಹೇಳಲಾರೆ. ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಕಿರುಚುತ್ತ ಬರುತ್ತಿದ್ದ ಕಾಲ ಎಂಬುದಷ್ಟೇ ಖಚಿತ.

ತಾಮ್ರಪಟಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ ಸಂಘದವರು ಆ ಯಂತ್ರವನ್ನು ಒಪ್ಪಿಸಿದ್ದರು. ಲಾಟರಿ ಗೆದ್ದಿರೆಂಬ ಸುಳ್ಳು ಮೇಲ್‌ಗಳು ದಿನವೂ ಬಂದು ಬೀಳುತ್ತಿದ್ದವು. ಖೊಟ್ಟಿ ತಾಮ್ರಪಟ ಪತ್ತೆಹಚ್ಚಿದವನಿಗೆ ಖೊಟ್ಟಿ ಮೇಲ್ ಯಾವ ಲೆಕ್ಕ? ನಾನೊಂದು ನಿಯಮ ಮಾಡಿದೆ. ಪತ್ರ ಬಂದೊಡನೆ ನಮ್ಮ ಸರ್ವರ್ ಅತ್ತಲಿನ ಸರ್ವರನ್ನು ತಿರುಗಿ ಕೇಳಬೇಕು: ಈ ಹೆಸರಿನವರು ನಿಮ್ಮಲ್ಲಿ ಇದ್ದಾರೆಯೇ? ಉತ್ತರ ಬರದಿದ್ದರೆ ಪತ್ರ ವಾಪಸ್ಸು. ಜೊತೆಗೆ ಹೋಗುವ ತಿರಸ್ಕಾರದ ವಾಕ್ಯವನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಬರೆದು, ಪರೀಕ್ಷಕನ ಠೀವಿಯಲ್ಲಿ ನಾನೇ ರಚಿಸಿದೆ: “ತಾವು ಇದ್ದೀರೆಂಬುದಕ್ಕೆ ಸ್ವತಂತ್ರ ಆಧಾರ ದೊರೆತಿಲ್ಲ.”

ಊರಿನ ಮೋತಿ ಡೊಂಗರ್ ಗುಡ್ಡದ ಕೇರಿಯ ಸುಮಿತ್ರಾಳ ಗಂಡ ಮಾರುತಿ ಸರಕುಹಡಗಿನಲ್ಲಿ ಅಡುಗೆಯವನು. ಅವನ ಮೇಲ್ ಸಂಘದ ವಿಳಾಸಕ್ಕೆ ಬರುತ್ತಿತ್ತು. ನಾನು ಓದಿ ಹೇಳುತ್ತಿದ್ದೆ. ನಿಯಮ ಜಾರಿಯಾದ ವಾರವೇ ಸಮುದ್ರದಲ್ಲಿ ತುಫಾನು ಎದ್ದಿತು. ಮೇಲ್ ನಿಂತಿತು.

“ಕಾಕಾ, ಇವತ್ತರ ಬಂತೇನ್ರಿ?”

“ಇಲ್ಲವ್ವಾ.”

“ನಿಮ್ಮ ಮಷಿನ್ ಉಂಡು ಮಲಗೈತೇನು? ಒಂದೀಟು ಬಡದು ಎಬ್ಬಸ್ರಿ!”

ನಗುತ್ತಲೇ ಹೇಳಿದಳು; ಸೆರಗಿನ ತುದಿ ಮಾತ್ರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಮರುದಿನ ನಗಲಿಲ್ಲ. ಅದರ ಮರುದಿನ ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಹಡಗು ಮುಳುಗಿತೆಂಬುದಕ್ಕೂ ಆಧಾರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಭಯ ಅಡಿಟಿಪ್ಪಣಿಗಳನ್ನು ಓದುವುದಿಲ್ಲ.

ಆಗಲೇ ಸಂಘದ ಫೋನು ಬಡಿದುಕೊಂಡಿತು. ಧೈರ್ಯ ಸಾಲದಿದ್ದರೂ ಎತ್ತಿದೆ.

“ಕಾಕಾ, ನಾ ಮಾರುತಿರಿ, ಬಂದರದಾಗಿಂದ ಮಾತಾಡಾಕತ್ತೇನಿ. ನಾ ಕಳಿಸಿದ ಮೇಲ್ ಎಲ್ಲಾ ತಿರುಗಿ ಬಂದಾವ. ನಾ ಇದ್ದೇನಿ ಅನ್ನಾಕ ಆಧಾರ ಇಲ್ಲಂತ! ಖರೇನ ಇದ್ದೇನ್ರಿ. ಕ್ಯಾಪ್ಟನ್ ಕಡಿಂದ ಸಹಿ ಹಾಕಿಸ್ಲೇನು?”

ಹಡಗಿನ ಸರ್ವರ್ ನಡುಗಡಲಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಬಾಯಿ ತೆರೆಯುತ್ತದಂತೆ. ನನ್ನ ಪ್ರಶ್ನೆ ಹೋದಾಗ ಅದು ಮುಚ್ಚಿರುತ್ತಿತ್ತು. ಉತ್ತರ ಬರಲಿಲ್ಲವೆಂದು ಮನುಷ್ಯನೇ ಇಲ್ಲವೆಂದುಬಿಟ್ಟಿದ್ದೆ.

ಫೋನನ್ನು ಸುಮಿತ್ರಾಳಿಗೆ ಕೊಟ್ಟೆ. ಅವಳು ಯಾವ ಆಧಾರವನ್ನೂ ಕೇಳಲಿಲ್ಲ. ಹಡಗಿಗೆಲ್ಲ ಉಣಬಡಿಸುವವನನ್ನು, “ಊಟ ಆತೇನ್ರಿ?” ಎಂದಷ್ಟೇ ಕೇಳಿ, ಗೋಡೆಗೆ ಒರಗಿ ಕುಳಿತುಬಿಟ್ಟಳು.

ಈಗ ಗುರುತು ಸಿಗದ ಪತ್ರ ತಕ್ಷಣ ಹಿಂದಿರುಗುವುದಿಲ್ಲ. ನಾನು ಕಣ್ಣಾರೆ ನೋಡುವವರೆಗೆ ಕಾದಿರುತ್ತದೆ. ಲಾಟರಿಗಳೂ ಕಾದಿರುತ್ತವೆ, ಇರಲಿ. ತೀರ ತಿರಸ್ಕರಿಸಲೇಬೇಕಾದವರಿಗೆ ಹೋಗುವ ವಾಕ್ಯವೂ ಬೇರೆಯಾಗಿದೆ: “ತಮ್ಮನ್ನು ಗುರುತಿಸಲು ನಮ್ಮಿಂದ ಆಗಲಿಲ್ಲ, ದಯವಿಟ್ಟು ಫೋನ್ ಮಾಡಿರಿ.” ತುಫಾನಿನ ಸುದ್ದಿ ಬಂದ ದಿನ ಆ ವಾಕ್ಯದ ಕೆಳಗಿನ ಫೋನ್ ನಂಬರನ್ನು, ಹಳೆಯ ರೂಢಿಯಂತೆ, ಇನ್ನೊಮ್ಮೆ ತಾಳೆ ನೋಡುತ್ತೇನೆ.